ತೊಗರಿ ಕಡಿದು ನೋಡುವ ಕರೀಂಸಾಬ್

ಕಮಲಾಪುರದ ಕರೀಂಸಾಬ್ ಕಡಿದರೆ ತೊಗರಿಕಾಳು ತಾನಾಗಿಯೇ ತನ್ನ ಊರು ಹೇಳುತ್ತದೆ ಎಂದು ಕಲಬುರಗಿಯ ದಾಲ್‌ಮಿಲ್ಲಿನ ಹಮಾಲರು ನಂಬಿದ್ದರು. ಒಂದೇ ಕಾಳು, ಅದೂ ಎಡದವಡೆಯಲ್ಲಿ. ಕಣ್ಣು ಮುಚ್ಚಿ, 'ಮಹಾಗಾಂವದ್ದು ಅದರೀ, ಒಣಗಾಕ ಇನ್ನಾ ಎರಡು ದಿನದ ಬಿಸಲು ಬೇಕು' ಎಂದರೆ ತುಂಬಿದ ಲಾರಿ ಬಂದ ದಾರಿಯಲ್ಲೇ ಮರಳಬೇಕು. ನಾಲಿಗೆ ಕೆಡಬಾರದೆಂದು ಇಪ್ಪತ್ತಾರು ವರ್ಷ ಅವರು ಎಲೆಯಡಿಕೆ ಮುಟ್ಟಲಿಲ್ಲ, ಬೀಗರ ಮನೆಯಲ್ಲೂ ಚಹಾ ಆರಿಸಿಯೇ ಕುಡಿದರು. ಕಾಳು ಪರೀಕ್ಷಿಸುವ ಯಂತ್ರ ಬಂದ ವಾರವೇ ಮಾಲೀಕರು ಅವರನ್ನು ಕೆಲಸದಿಂದ ಬಿಡಿಸಿದರು. ಪರಿಹಾರ ಕೇಳಿದಾಗ ಮಾಲೀಕರು, ಕರೀಂಸಾಬರೇ ವರ್ಷವರ್ಷವೂ ಸಹಿ ಹಾಕಿದ್ದ ಕರಾರು ತೋರಿಸಿ, 'ನೀವು ನೌಕರರಲ್ರಿ, ಸ್ವತಂತ್ರ ಗುತ್ತಿಗೆದಾರರು' ಎಂದರು. ಜಗತ್ ಸರ್ಕಲ್ಲಿನ ವಕೀಲೆ ಅಂಜನಾ ಆ ಕರಾರು ಓದಿ ಕೈಚೆಲ್ಲಿ ಕೂತರು. 'ನೀವು ಅವರ ಕೈಕೆಳಗ ಇದ್ರಿ ಅನ್ನಾಕ ಏನರ ಕಾಗದ ಅದ ಏನ್ರಿ, ಚಾಚಾ?' 'ರಜಾ ಚೀಟಿ ಅಷ್ಟ ಅವ ನೋಡ್ರಿ' ಎಂದು ಕರೀಂಸಾಬ್ ನಾಚಿಕೊಂಡೇ ಬಟ್ಟೆಯ ಗಂಟು ಬಿಚ್ಚಿದರು. ಇಪ್ಪತ್ತಾರು ವರ್ಷದ ಅರ್ಜಿಗಳು; ಒಂದೊಂದರ ಕೆಳಗೂ ಕೆಂಪು ಶಾಯಿಯಲ್ಲಿ ಮಾಲೀಕರ ಹುಕುಂ, ಸಹಿ. ಮಗಳ ನಿಕಾಹಕ್ಕೆ ಎರಡು ದಿನ ಬೇಡಿದ್ದ ಚೀಟಿಯಲ್ಲಿ 'ತೊಗರಿ ಸೀಜನ್ ಇದೆ, ಅರ್ಧ ದಿನ ಸಾಕು' ಎಂದಿತ್ತು. ಅಂಜನಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಇಷ್ಟು ದೊಡ್ಡ ಸಾಕ್ಷಿಯನ್ನು ತಾನೆಂದೂ ಕಂಡಿಲ್ಲವೆಂಬಂತೆ ನೋಡಿದರು. 'ಸ್ವತಂತ್ರ ಮನುಷ್ಯಾ ತನ್ನ ಮಗಳ ನಿಕಾಹಕ್ಕ ರಜಾ ಯಾಕ ಬೇಡ್ತಾನ್ರಿ? ಕೋರ್ಟಿನಾಗ ಇದನ್ನೇ ಕೇಳ್ತೇನಿ.' 'ಅರ್ಧ ದಿನ ಸಾಕಾತ್ರಿ, ಮೇಡಂ' ಎಂದು ಕರೀಂಸಾಬ್ ಮಾಲೀಕರ ಪರವಾಗಿಯೇ ಹೇಳಿದರು, 'ಬಿರ್ಯಾನಿ ಅಷ್ಟ ತಿನ್ನಲಿಲ್ಲ. ಮಧ್ಯಾಹ್ನ ಮೂರು ಲಾರಿ ಬರೋದಿತ್ತು, ನಾಲಿಗಿ ಸಾಫ್ ಇರಬೇಕಲ್ರಿ.'