ದೋಹಾದಲ್ಲಿ ಉಳಿದ ನಮ್ಮ ಗೋಲ್‌ಕೀಪರ್

ಮಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಕೋಯಿಕ್ಕೋಡಿಗೆ ಹೋಗಿ, ಅಲ್ಲಿಂದ ಜೀಪು ಹಿಡಿದು ಕರಿಪ್ಪೂರಿನ ವಿಮಾನ ನಿಲ್ದಾಣ ಸೇರುವಷ್ಟರಲ್ಲೇ ನನಗೆ ಮೊದಲ ಸಲ ಸಿಟ್ಟು ಬಂತು. ಲಗೇಜು ತೂಕ ಮೀರಿತ್ತು. ಏನಾದರೂ ಬಿಡಲೇಬೇಕಿತ್ತು. ನಮ್ಮ ಕಾಲೇಜಿನ ಆಡಳಿತ ಮಂಡಳಿಯವರು ದೋಹಾದ ಗಣ್ಯರಿಗೆಂದು ಕಳಿಸಿದ್ದ ಸ್ಮರಣಿಕೆಗಳ ಪೆಟ್ಟಿಗೆಯೊಂದಿತ್ತು, ಮರದ ಚೌಕಟ್ಟು, ಗಾಜು, ಕಲ್ಲಿನ ಹಾಗೆ ಭಾರ. ಅದನ್ನು ಬಿಡೋಣವೆಂದು ಪ್ರಾಂಶುಪಾಲರಿಗೆ ಫೋನು ಮಾಡಿದರೆ, "ಅದು ಬಿಟ್ಟರೆ ಮರ್ಯಾದೆ ಹೋಗ್ತದೆ, ಬೇರೆ ಏನಾದ್ರೂ ಬಿಡಿ" ಅಂದರು. ಚೆಂಡುಗಳ ಚೀಲವನ್ನು ಜೀಪಿನವನ ಕೈಗೆ ಕೊಟ್ಟು, ಫುಟ್‌ಬಾಲ್ ತಂಡವೊಂದು ಚೆಂಡೇ ಇಲ್ಲದೆ ವಿಮಾನ ಹತ್ತಿತು.

ನಾನು ಮಂಡ್ಯದ ಕಡೆಯವನು. ಕರಾವಳಿಯ ಈ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿ ಕೂದಲು ಬೆಳ್ಳಗಾಗಿಸಿಕೊಂಡವನು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಹುಡುಗರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಆ ವರ್ಷ ನಮ್ಮ ಹುಡುಗರು ದಕ್ಷಿಣ ವಲಯ ಗೆದ್ದು ಅಖಿಲ ಭಾರತ ಕಾಲೇಜು ಫುಟ್‌ಬಾಲಿನ ಕೊನೆಯ ಸುತ್ತಿಗೆ ಹೋಗಿದ್ದರು. ಕಾಲೇಜಿನ ಚರಿತ್ರೆಯಲ್ಲೇ ಮೊದಲು. ನಮ್ಮ ಮೈದಾನವೋ ಮುರಕಲ್ಲು, ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತದೆ. ಕೊನೆಯ ಸುತ್ತು ಹುಲ್ಲಿನ ಮೇಲೆ. ಆಗಲೇ ದೋಹಾದ ನಮ್ಮ ಹಳೆ ವಿದ್ಯಾರ್ಥಿಗಳ ಸಂಘದವರು ಬರೆದರು: ಟಿಕೆಟು ನಮ್ಮದು, ಹುಲ್ಲಿನ ಮೈದಾನ ಉಂಟು, ಒಳ್ಳೆ ತಂಡಗಳ ಜೊತೆ ಆಡಿಸುತ್ತೇವೆ, ಒಂದು ವಾರ ಬನ್ನಿ. ನಾನು ಹಿಂದೆಮುಂದೆ ನೋಡದೆ ಒಪ್ಪಿದೆ.

ನಾಲ್ಕೂವರೆ ಗಂಟೆಯ ಹಾರಾಟ. ಇಳಿದಾಗ ದೋಹಾದಲ್ಲಿ ಜನವರಿಯ ಹಿತವಾದ ಚಳಿ. ಹೊರಗೆ ಸಂಘದ ಅಧ್ಯಕ್ಷ ವಿಲ್ಲಿಯವರು ಹೂಹಾರ, ಬ್ಯಾನರು, ಕ್ಯಾಮೆರಾ ಹಿಡಿದು ನಿಂತಿದ್ದರು. ಉಡುಪಿ ಕಡೆಯ ಮನುಷ್ಯ, ಐವತ್ತರ ಹತ್ತಿರ, ಕಟ್ಟಡ ಕಂಪನಿಯೊಂದರ ಆಫೀಸಿನಲ್ಲಿ ದೊಡ್ಡ ಗುಮಾಸ್ತೆ. ಒಂದು ಕಾಲದಲ್ಲಿ ಅವರೂ ನಮ್ಮ ಕಾಲೇಜಿನ ಆಟಗಾರರೇ. "ಬನ್ನಿ ಸರ್, ಬನ್ನಿ, ನಮ್ಮ ಊರಿನ ಹುಲಿಗಳು!" ಎಂದು ಒಬ್ಬೊಬ್ಬರನ್ನೂ ತಬ್ಬಿಕೊಂಡರು. ಫೋಟೋ ಮುಗಿಯಲು ಎಷ್ಟು ಹೊತ್ತಾಯಿತೆಂದರೆ ಹುಡುಗರು ಹಸಿವಿನಲ್ಲಿ ಹಾರದ ಹೂವು ಕಿತ್ತು ವಾಸನೆ ನೋಡತೊಡಗಿದರು.

ನಮಗೆ ಇಳಿದುಕೊಳ್ಳಲು ನಜ್ಮಾ ಎಂಬ ಬಡಾವಣೆಯಲ್ಲಿ ಜಾಗ ಮಾಡಿದ್ದರು. ಕೆಳಗೆ ದರ್ಜಿ ಅಂಗಡಿಗಳು, ಮಲಯಾಳಿಗಳ ಕೆಫೆಟೇರಿಯಾ, ಮೇಲೆ ಸಾಲು ಕೋಣೆಗಳು. ಊರಿಗೆ ಹೋಗಿದ್ದವರ ಹಾಸಿಗೆಗಳಲ್ಲಿ ನಮ್ಮ ಹುಡುಗರು ಮಲಗಿದರು. ಜಾಗದ ಬಗ್ಗೆ ನನ್ನ ತಕರಾರಿಲ್ಲ. ಒಂದು ರಿಯಾಲಿಗೆ ಗಟ್ಟಿ ಚಹಾ, ಎರಡಕ್ಕೆ ಪರೋಟದೊಳಗೆ ಸುತ್ತಿದ ಮೊಟ್ಟೆ. ಹುಡುಗರು ಖುಷಿಯಾಗಿದ್ದರು. ಅದೇ ಕೋಣೆಗಳಲ್ಲಿ ಇದ್ದ ಊರಿನವರು ತಮ್ಮ ಊಟವನ್ನೂ ಇವರಿಗೆ ಕೊಟ್ಟು ನೋಡಿಕೊಂಡರು.

ಮರುದಿನ ಬೆಳಿಗ್ಗೆ ಕಾರ್ಯಕ್ರಮಗಳ ವಿವರ ಕೇಳಿ ನನ್ನ ಮೈ ಉರಿಯಿತು. ದಿನಕ್ಕೆ ಒಂದು ಗಂಟೆ ಅಭ್ಯಾಸ. ಉಳಿದದ್ದೆಲ್ಲ ಸನ್ಮಾನ.

"ಏನ್ರೀ ಇದು? ಆಡೋಕೆ ಬಂದಿದ್ದೀವೋ ಶಾಲು ಹೊದೆಯೋಕೋ?"

"ಅದು ಹಾಗೆ ಆಗ್ತದೆ ಸರ್," ಅಂದರು ವಿಲ್ಲಿ, ಮುಖದ ನಗು ಒಂದಿಷ್ಟೂ ಕದಲಿಸದೆ. "ನಾವು ಮಾತ್ರ ಮಾಡಿದ್ರೆ ಜಿಲ್ಲಾ ಸಂಘದವರಿಗೆ ಬೇಸರ. ಅವರು ಮಾಡಿದ್ರೆ ಕ್ರೀಡಾ ಬಳಗದವರಿಗೆ ಬೇಸರ. ಎಲ್ಲರೂ ನಮ್ಮವರೇ ಅಲ್ವಾ ಮಾರಾಯ್ರೆ?"

ಎಲ್ಲರೂ ನಮ್ಮವರೇ, ಎಲ್ಲ ಸಂಘದಲ್ಲೂ ಅದೇ ಜನ. ಓಲ್ಡ್ ಏರ್‌ಪೋರ್ಟ್ ಅನ್ನುವ ಬಡಾವಣೆಯ ಒಂದು ಸಭಾಂಗಣದಲ್ಲಿ ಸೋಮವಾರ ಕುಳಿತಿದ್ದ ಮುಖಗಳೇ ಮಂಗಳವಾರವೂ ಕುಳಿತಿದ್ದವು, ಬ್ಯಾನರು ಮಾತ್ರ ಬೇರೆ. ಮುಖ್ಯ ಅತಿಥಿ ಬರುವವರೆಗೆ ದೀಪ ಹಚ್ಚುವ ಹಾಗಿಲ್ಲ, ದೀಪ ಹಚ್ಚದೆ ಭಾಷಣವಿಲ್ಲ, ಭಾಷಣ ಮುಗಿಯದೆ ಊಟವಿಲ್ಲ. ಮೈಸೂರು ಪೇಟ ತೊಟ್ಟು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನನ್ನ ಆಟಗಾರರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮದುಮಕ್ಕಳ ಹಾಗೆ ಬೆವರುತ್ತ ಕೂತರು. ಭಾಷಣಕಾರರಲ್ಲಿ ಒಬ್ಬರು ನಮ್ಮದು ದೇಶದಲ್ಲೇ ಒಳ್ಳೆಯ ಹಾಕಿ ತಂಡವೆಂದು ಹೊಗಳಿದರು. ಸಂಘ ಸಂಘಗಳ ಮೇಲಾಟ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದು ಇದಕ್ಕೇ. ಬಿರಿಯಾನಿಯಿಂದ ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಬೆಳಗಿನ ಓಟಕ್ಕೆ ಎಬ್ಬಿಸಿದರೆ ಅರ್ಧ ತಂಡ ನಿಂತಲ್ಲೇ ತೂಕಡಿಸುತ್ತಿತ್ತು.

ಆದರೂ ಶುಕ್ರವಾರ ಬಂತು. ಅಲ್ಲಿ ವಾರದ ರಜೆ ಅಂದು. ಊರ ಹೊರಗೆ ಕಂಪನಿಯೊಂದರ ಹಸಿರು ಮೈದಾನ, ಎದುರಿಗೆ ಸೂಡಾನಿಗಳ ತಂಡ, ಒಬ್ಬೊಬ್ಬನೂ ನಮ್ಮವರಿಗಿಂತ ಒಂದು ತಲೆ ಎತ್ತರ. ನಾನು ಬಂದದ್ದು ಇದಕ್ಕಾಗಿ. ಮೊದಲರ್ಧದಲ್ಲಿ ಹುಲ್ಲಿನ ಮೇಲೆ ಜಾರಿ ಜಾರಿ ಬಿದ್ದ ಹುಡುಗರು ಎರಡನೆಯ ಅರ್ಧದಲ್ಲಿ ಕಾಲೂರಿ ನಿಂತರು. ನಾಯಕ ರೋಶನ್ ಒಂದು ಗೋಲು ಹೊಡೆದ. ಕೊನೆಗೆ ಅವರಿಗೊಂದು ಪೆನಾಲ್ಟಿ ಸಿಕ್ಕಿತು.

ಗೋಲಿನಲ್ಲಿದ್ದವನು ಸಿರಾಜ್. ಬಂದರಿನ ಹುಡುಗ, ಅಂತಿಮ ಬಿ.ಕಾಂ. ತಂದೆ ಇಲ್ಲ, ತಾಯಿ ಬೀಡಿ ಕಟ್ಟಿ ಸಾಕಿದವರು. ಮಾತು ಕಡಿಮೆ. ದಕ್ಷಿಣ ವಲಯವನ್ನು ನಮಗೆ ಗೆದ್ದುಕೊಟ್ಟದ್ದೇ ಅವನ ಕೈಗಳು. ಆ ಸೂಡಾನಿ ಒದ್ದ ಚೆಂಡು ಎಡಗಂಬದ ಬುಡಕ್ಕೆ ಹೋಗುತ್ತಿತ್ತು. ಸಿರಾಜ್ ಚಾಚಿದ, ಬೆರಳ ತುದಿಯಲ್ಲಿ ಅದನ್ನು ಹೊರಗೆ ತಳ್ಳಿದ. ಎದುರಾಳಿಗಳೇ ಬಂದು ಅವನ ತಲೆ ಸವರಿದರು. ಅಖಿಲ ಭಾರತ ಕಪ್ ಈ ಸಲ ನಮ್ಮದೇ ಎಂದು ಆ ಕ್ಷಣ ನನಗೆ ಅನ್ನಿಸಿತು. ಇಡೀ ಪ್ರಯಾಣದಲ್ಲಿ ನಾನು ನಕ್ಕಿದ್ದು ಆಗ ಮಾತ್ರ.

ಗೆರೆಯಾಚೆ ಕುರ್ಚಿ ಹಾಕಿ ಕೂತಿದ್ದ ಒಬ್ಬ ಬಿಳಿ ನಿಲುವಂಗಿಯ ಯಜಮಾನರೂ ನಗುತ್ತಿದ್ದರು. ಅವರು ವಿಲ್ಲಿಯವರ ಕಂಪನಿಯ ಧಣಿ ಎಂದು ಯಾರೋ ಹೇಳಿದರು. ನಾನು ಅವರಿಗೊಂದು ಸ್ಮರಣಿಕೆ ಕೊಟ್ಟೆ.

ಮರುದಿನ ಸಂಜೆ ಬೀಳ್ಕೊಡುಗೆ. ಮತ್ತೆ ಅದೇ ಸಭಾಂಗಣ, ಅದೇ ಪೇಟ. ಕೊನೆಯಲ್ಲಿ ವಿಲ್ಲಿ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ಶಾಲು ಎಲ್ಲರೂ ಕೊಡ್ತಾರೆ. ನಾವು ಈ ಸಲ ಜೀವನ ಕೊಡ್ತಿದ್ದೇವೆ. ನಮ್ಮ ಸಿರಾಜ್‌ಗೆ ನಮ್ಮ ಕಂಪನಿಯಲ್ಲಿ ಕೆಲಸ ಆಗಿದೆ! ಊರಿಗೆ ಹೋಗುವುದೂ ಬೇಡ, ಈ ವಾರವೇ ಮೆಡಿಕಲ್, ವೀಸಾ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವೇದಿಕೆಯಲ್ಲಿ ಸಿರಾಜ್ ಹಣ್ಣಿನ ಬುಟ್ಟಿ ನೋಡುತ್ತ ಕೂತಿದ್ದ. ರೋಶನ್ ನನ್ನತ್ತ ತಿರುಗಿದ, ಅವನ ಬಾಯಿ ತೆರೆದೇ ಇತ್ತು. ಕೊನೆಯ ಸುತ್ತಿಗೆ ಎರಡು ವಾರವೂ ಇರಲಿಲ್ಲ. ನಮ್ಮ ಎರಡನೇ ಗೋಲ್‌ಕೀಪರ್ ಎತ್ತರದ ಚೆಂಡು ಬಂದರೆ ಕಣ್ಣು ಮುಚ್ಚುವವನು.

ನಾನು ಮೈಕು ಕಸಿದುಕೊಂಡೆ ಅಂತ ಆಮೇಲೆ ಹೇಳಿದರು. ಕಸಿದುಕೊಂಡಿರಬಹುದು. "ಅಭ್ಯಾಸಕ್ಕೆ ಅಂತ ಕರೆಸಿ, ತಂಡದ ಕೈಯನ್ನೇ ಕಡಿದು ಇಟ್ಕೊಳ್ತೀರಾ? ಇದನ್ನ ಸನ್ಮಾನ ಅಂತೀರಾ?" ಅಂದದ್ದು ನೆನಪಿದೆ. ಚಪ್ಪಾಳೆ ನಿಂತಿತು. ಹಿಂದಿನ ಸಾಲಿನಿಂದ ಒಬ್ಬರು, "ಹುಡುಗನ ಅನ್ನಕ್ಕೆ ಕಲ್ಲು ಹಾಕ್ಬೇಡಿ ಸರ್" ಎಂದು ಕೂಗಿದರು. ಉಳಿದವರು ಹೌದು ಹೌದೆಂದು ತಲೆಯಾಡಿಸಿದರು. ನನಗೆ ಇನ್ನೂ ಉರಿಯಿತು.

ಬೆಳಿಗ್ಗೆ ವಿಲ್ಲಿಯವರನ್ನು ಎಳೆದುಕೊಂಡೇ ಮುಶೈರಿಬ್‌ನ ಅವರ ಆಫೀಸಿಗೆ ಹೋದೆ. ಕೈಗಡಿಯಾರದ ಅಂಗಡಿಗಳ ಮೇಲಿನ ಮಹಡಿ. ಧಣಿ ಖರ್ಜೂರ, ಅರಬ್ಬಿ ಕಾಫಿ ಕಾವಾ ಕೊಟ್ಟು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಎರಡು ವಾರ ಬಿಡಿ, ಆಡಿ ಬರುತ್ತಾನೆ ಎಂದು ನಾನು ಕೇಳಿದ್ದನ್ನು ವಿಲ್ಲಿ ಅರೆಬರೆ ಅರಬ್ಬಿಯಲ್ಲಿ ಹೇಳಿದರು. ಕಂಪನಿಗಳ ಪಂದ್ಯಾವಳಿ ಮುಂದಿನ ವಾರವೇ ಶುರುವಂತೆ. ಅವರಿಗೂ ಗೋಲ್‌ಕೀಪರ್ ಬೇಕಿತ್ತು. ಕಾಗದದ ಮೇಲೆ ಉಗ್ರಾಣದ ಕೆಲಸ, ಶುಕ್ರವಾರ ಗೋಲು ಕಾಯುವ ಕೆಲಸ. "ಈಗ ಆದ್ರೆ ವೀಸಾ," ಎಂದು ವಿಲ್ಲಿ ಧಣಿಯ ಮಾತು ತಿರುಗಿಸಿದರು, "ಹೋದ್ರೆ ಖಲಾಸ್."

ಮೆಟ್ಟಿಲಿಳಿಯುವಾಗ ನಾನು ವಿಲ್ಲಿಯವರ ಅಂಗಿ ಹಿಡಿದಿದ್ದೆ. "ನೀವೂ ಆಡಿದವರಲ್ಲವೇನ್ರೀ! ಕೊನೇ ಸುತ್ತು ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ವಾ?"

ಅವರ ನಗು ಮೊದಲ ಸಲ ಮಾಯವಾಯಿತು. "ಗೊತ್ತುಂಟು ಸರ್. ನಾನು ಎಂಟು ಕಪ್ ತಂದಿದ್ದೇನೆ ಕಾಲೇಜಿಗೆ. ಕಾಲೇಜಿನ ಕಪಾಟಿನಲ್ಲಿ ಉಂಟು ಎಲ್ಲ. ನನಗೆ ಎಂತ ಸಿಕ್ಕಿತು ಹೇಳಿ? ಇಲ್ಲಿಗೆ ಬರ್ಲಿಕ್ಕೆ ಅಮ್ಮನ ಕರಿಮಣಿ ಮಾರಿದ್ದೇನೆ ನಾನು." ಅಂಗಿಯನ್ನು ಮೆಲ್ಲಗೆ ಬಿಡಿಸಿಕೊಂಡರು. "ಅವನಿಗೆ ಏನೂ ಮಾರದೆ ವೀಸಾ ಸಿಕ್ಕಿದೆ. ಬೈಯಿರಿ ಬೇಕಾದ್ರೆ, ಪರ್ವಾಗಿಲ್ಲ."

ಅವರ ಅಂಗಿಯ ಸುಕ್ಕನ್ನು ನನ್ನ ಕೈಯೇ ಸವರಿ ಸರಿಮಾಡಿತು. ಅದಕ್ಕೂ ಸಿಟ್ಟು ಬಂತು. ಬಿಸಿಲಲ್ಲಿ ನಜ್ಮಾದವರೆಗೂ ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ರಸ್ತೆ ಅಗೆದು ಹಾಕಿದ್ದರು, ಹೊಂಡಗಳೊಳಗೆ ನಮ್ಮ ದೇಶದ ಹುಡುಗರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುತ್ತಿದ್ದರು. ಸಿರಾಜ್‌ಗೆ ನೆರಳಿನ ಕೆಲಸ ಸಿಕ್ಕಿತ್ತು.

ಆ ಸಂಜೆ ವಿಮಾನ. ಎಲ್ಲರನ್ನೂ ಕಳಿಸಲು ಸಂಘದವರು ಮತ್ತೆ ಬ್ಯಾನರು ತಂದಿದ್ದರು. ನಾನು ಟಿಕೆಟುಗಳನ್ನು ಹಿಡಿದು ಸಾಲಿನ ಮುಂದೆ ನಿಂತಿದ್ದಾಗ ಸಿರಾಜ್ ಬಂದ. ಮೈಮೇಲೆ ತಂಡದ ಅಂಗಿ, ಹೆಗಲ ಮೇಲೆ ಅವನ ಚೀಲ, ಕಟ್ಟಿ ಸಿದ್ಧವಾಗಿತ್ತು.

"ಸರ್, ನನ್ನ ಟಿಕೆಟು ಉಂಟಲ್ಲ ನಿಮ್ಮ ಕೈಯಲ್ಲಿ?"

"ಇದೆ."

"ಉಮ್ಮನಿಗೆ ಫೋನ್ ಮಾಡಿದೆ. ಅವರು ಅಳ್ತಾ ಇದ್ದಾರೆ, ನೆರೆಯವರಿಗೆಲ್ಲ ಮಿಠಾಯಿ ಕೊಟ್ಟಾಗಿದೆ." ಅವನು ನನ್ನ ಮುಖವನ್ನೇ ನೋಡಿದ, ಪೆನಾಲ್ಟಿ ಹೊಡೆಯುವವನನ್ನು ನೋಡುವ ಹಾಗೆ. "ಕಪ್ ಗೆದ್ದರೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಸಿಗ್ತದೆ ಅಂತ ಹುಡುಗರು ಹೇಳ್ತಾರೆ. ನೀವು ಹೇಳಿ ಸರ್. ಸಿಗ್ತದೆ ಅಂತ ನೀವು ಹೇಳಿದ್ರೆ ಈಗಲೇ ಬರ್ತೇನೆ."

ರೋಶನ್ ನನ್ನನ್ನು ನೋಡುತ್ತಿದ್ದ. ಎಲ್ಲರೂ ನೋಡುತ್ತಿದ್ದರು. ಸಿಗುತ್ತದೆ ಅನ್ನುವ ಒಂದು ಮಾತು ಸಾಕಿತ್ತು, ಅದು ನಾಲಿಗೆಯ ತುದಿಗೆ ಬಂದೂ ಇತ್ತು. ಆ ಕಪ್ ನನಗೆ ಎಷ್ಟು ಬೇಕಿತ್ತೆಂದು ನನಗೇ ಗೊತ್ತು. ನಾನು ಕಲಿಸಿದ ಹುಡುಗರಲ್ಲಿ ಆಟದಿಂದ ಕೆಲಸ ಸಿಕ್ಕಿದವರು ಯಾರೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಮುಖವೂ ಬರಲಿಲ್ಲ.

"ಇಲ್ಲ ಕಣಯ್ಯ," ಅಂದೆ. ಕೂಗಿಯೇ ಅಂದಿರಬೇಕು, ಸಾಲಿನಲ್ಲಿದ್ದವರೆಲ್ಲ ತಿರುಗಿದರು. "ಯಾರಿಗೂ ಸಿಕ್ಕಿಲ್ಲ. ಹೋಗು. ಮೆಡಿಕಲ್ ಮಾಡಿಸ್ಕೋ."

ಅವನು ಚೀಲ ಕೆಳಗಿಟ್ಟು ಕೈ ಚಾಚಿದ. ನಮ್ಮನ್ನು ಇಲ್ಲಿಯವರೆಗೆ ತಂದ ಕೈ. ಅದನ್ನು ಹಿಡಿದುಕೊಂಡೇ ನಿಂತಿದ್ದೆ, ಕೌಂಟರಿನವನು ಮುಂದೆ ಬನ್ನಿ ಎಂದು ಎರಡು ಸಲ ಕರೆಯುವವರೆಗೆ.