ಕಾಲುವೆ ಏರಿನ ಆಟ

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಈ ಹಂಗಾಮು ಮುಗಿಯಲಿ, ಮುಂದಿನದು ಮುಗಿಯಲಿ ಎನ್ನುತ್ತ ಕೊನೆಗೆ ಟ್ರ್ಯಾಕ್ಟರನ್ನೇ ಮಾರಿದೆ. ಮಾತು ಮಾತ್ರ ಒಳಗೇ ಉಳಿಯಿತು. ಇವತ್ತು ಬರೆದು ಮುಗಿಸದೆ ಈ ಕುರ್ಚಿ ಬಿಟ್ಟು ಏಳುವುದಿಲ್ಲ. ಒಬ್ಬನಿಗೆ ನಾನು ಅನ್ಯಾಯ ಮಾಡಿದ್ದೇನೆ. ಅವನು ಯಾರೆಂದು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ಮುಂದೆ ಬರೆಯಲು ಕೈ ಓಡುವುದಿಲ್ಲ.

ನಾನು ಹತ್ತನೇ ಇಯತ್ತೆವರೆಗೆ ಓದಿ ಟ್ರ್ಯಾಕ್ಟರ್ ಹತ್ತಿದವನು. ಮೂವತ್ತು ವರ್ಷ ದಿಗ್ಗೇವಾಡಿ ಸುತ್ತಿನ ಹೊಲಗಳಿಂದ ಕಾರ್ಖಾನೆಗೆ ಕಬ್ಬು ಎಳೆದೆ. ಮೊಣಕಾಲು ಸೋತು ಮನೆಯಲ್ಲಿ ಕುಳಿತ ಮೇಲೆ ಸೊಸೆ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟಳು. ಅವಳು ನಿಪ್ಪಾಣಿಯವಳು, ರಾಯಬಾಗದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಬ್ರೌಸರಿನಲ್ಲೇ ತೆರೆದುಕೊಳ್ಳುವ ಸಣ್ಣ ಆಟಗಳ ರುಚಿ ಹತ್ತಿಸಿದವಳು ಅವಳೇ. ಗುಳ್ಳೆ ಒಡೆಯುವುದು, ಇಸ್ಪೀಟು ಜೋಡಿಸುವುದು, ಹಾವು ಬೆಳೆಸುವುದು, ಎಲ್ಲ ಆಡಿದೆ.

ಒಳ್ಳೆಯ ಆಟ ಹೇಗಿರುತ್ತದೆಂದು ನನಗೆ ಬೇಗ ತಿಳಿಯಿತು. ಅದು ಹೆಸರು, ನಂಬರು ಕೇಳುತ್ತ ಬಾಗಿಲಲ್ಲೇ ನಿಲ್ಲಿಸುವುದಿಲ್ಲ. ಒಂದೇ ಬೆರಳು ಸಾಕು. ಸೋತರೆ, ಸೋತ ಜಾಗದಿಂದಲೇ ಮತ್ತೆ ಹೊರಡಬಹುದು. ಕೆಟ್ಟ ಆಟದಲ್ಲಿ ನಡುವೆ ಜಾಹೀರಾತು ಹಾರಿ ಬರುತ್ತದೆ, ಅದನ್ನು ಮುಚ್ಚುವ ಗುರುತು ಎಳ್ಳಿನಷ್ಟಿರುತ್ತದೆ. ಅದನ್ನೂ ತಡೆದುಕೊಳ್ಳಬಹುದು. ನನ್ನದೇನೂ ತಪ್ಪಿಲ್ಲದೆ ಸೋಲಿಸುವ ಆಟವನ್ನು ಮಾತ್ರ ತಡೆದುಕೊಳ್ಳಲಾಗುವುದಿಲ್ಲ. ನನ್ನ ತಪ್ಪಿನಿಂದ ಸೋತರೆ ಇನ್ನೊಮ್ಮೆ ಆಡಬೇಕೆನಿಸುತ್ತದೆ. ತಪ್ಪಿಲ್ಲದೆ ಸೋತರೆ ಲ್ಯಾಪ್‌ಟಾಪ್ ಮುಚ್ಚಿಬಿಡಬೇಕೆನಿಸುತ್ತದೆ. ಇದನ್ನು ಸೊಸೆಗೆ ಹೇಳಿದಾಗ ಅವಳು ಬರೆದಿಟ್ಟುಕೊಂಡಳು.

ದೀಪಾವಳಿ ರಜೆಯಲ್ಲಿ ಅವಳು ತನ್ನ ವರ್ಗದ ಮಕ್ಕಳಿಗಾಗಿ ಒಂದು ಆಟ ಮಾಡಲು ಕುಳಿತಳು. ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ದಾರಿಯಲ್ಲಿ ಕಾಲುವೆಯ ಏರು. ಭಾರ ಮತ್ತು ಇಳಿಜಾರಿನ ಲೆಕ್ಕ ಮಕ್ಕಳ ಕೈಗೆ ತಿಳಿಯಲಿ ಎಂಬುದು ಅವಳ ಆಸೆ. ಹೇರು ಎಷ್ಟು ಎತ್ತರವಾದರೆ ಟ್ರ್ಯಾಕ್ಟರ್ ಮೂತಿ ಎತ್ತುತ್ತದೆ ಎಂದು ನನ್ನನ್ನೇ ಕೇಳಿದಳು. ಏರು ಬಂದಾಗ ಒಂದು ಟ್ರೇಲರ್ ಕೆಳಗೆ ಬಿಟ್ಟು, ಒಂದೊಂದನ್ನೇ ಮೇಲೆ ಎಳೆದುಕೊಳ್ಳುತ್ತೇವೆಂದು ನಾನೇ ಹೇಳಿಕೊಟ್ಟೆ.

ಆಟ ತಯಾರಾದ ದಿನ ಮೊದಲು ನನ್ನ ಕೈಗೇ ಕೊಟ್ಟಳು. ನಾನು ಎರಡೂ ಟ್ರೇಲರ್ ಒಟ್ಟಿಗೆ ಏರಿಸಲು ಹೋದೆ. ಮುಂದಿನ ಗಾಲಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಉರುಳಿತು. ಮತ್ತೆ ಹೋದೆ, ಮತ್ತೆ ಉರುಳಿತು.

"ಮೂವತ್ತ ವರ್ಷ ಸ್ಟೇರಿಂಗ್ ಹಿಡದವರು ಒಂದ ಬೆರಳಿಗೆ ಸೋತ್ರೇನ್ರಿ ಮಾವಾರ?" ಎಂದು ಸೊಸೆ ನಕ್ಕಳು.

ಆಮೇಲೆ ಸಹಜವಾಗಿ ಕೇಳಿದಳು. "ನಿಮ್ಮ ಟ್ರೇಲರ್ ಬಿದ್ದದ್ದೂ ಕಾಲುವಿ ಏರಿನಾಗs ಅಲ್ಲೇನ್ರಿ? ಕೊಂಡೀ ಪಿನ್ನ ಕಳಚಿ ಬಿದ್ದಿತ್ತಂತಲ್ಲ?"

ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಅದು. ಕಟ್ಟಿದವನು ನಾನು.

ನಡೆದದ್ದು ಬೇರೆ. ಆ ದಿನ ಏರಿನ ಮೇಲೆ ಬೇರೆ ಡ್ರೈವರುಗಳು ನಿಂತು ನೋಡುತ್ತಿದ್ದರು. ನನ್ನ ಹೇರು ಎಲ್ಲರದಕ್ಕಿಂತ ಎತ್ತರವಿತ್ತು. ಟ್ರೇಲರುಗಳನ್ನು ಕೊಂಡಿಗೆ ಸಿಕ್ಕಿಸಿ ಪಿನ್ನು ಹಾಕುವ ನನ್ನ ಜೊತೆಗಾರ ಬಂದು, "ಅಣ್ಣಾ, ಹಿಂದಿಂದು ಇಲ್ಲೇ ಬಿಡೂಣು, ಆಮ್ಯಾಲ ಬಂದ ಒಯ್ಯೂಣು" ಎಂದ. "ಅಂಜಿಕಿ ಬಂದ್ರ ನೀ ನಡಕೋತ ಬಾರಲೇ" ಎಂದು ಎಲ್ಲರೆದುರು ನಗಾಡಿ ಎರಡನ್ನೂ ಎಳೆದೆ. ಅರ್ಧ ಏರಿನಲ್ಲಿ ಮುಂದಿನ ಗಾಲಿ ನೆಲ ಬಿಟ್ಟಿತು. ಹಿಂದೆ ಜಾರಿದೆವು. ಹಿಂದಿನ ಟ್ರೇಲರ್ ಮಗುಚಿದ ಹೊಡೆತಕ್ಕೆ ಲಾಕು ಮುರಿದು ಪಿನ್ನು ಹೊರಬಂತು. ಯಾರಿಗೂ ಪೆಟ್ಟಾಗಲಿಲ್ಲ. ಜನ ಓಡಿಬಂದಾಗ ನಾನು, "ಇಂವಾ ಪಿನ್ನಿಗೆ ಲಾಕ್ ಹಾಕಿಲ್ಲ" ಎಂದೆ. ಅವನು ನನ್ನ ಮುಖ ನೋಡಿದ. ಆ ವರ್ಷ ಅವನ ಕೈಗೆ ಸ್ಟೇರಿಂಗ್ ಬರಬೇಕಿತ್ತು. ಪಿನ್ನು ಹಾಕಲು ಬಾರದವನಿಗೆ ಗಾಡಿ ಯಾರು ಕೊಡುತ್ತಾರೆ? ಅವನು ಊರು ಬಿಟ್ಟು ಅಥಣಿಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದ.

ಇದನ್ನೆಲ್ಲ ನುಂಗಿಕೊಂಡು ಸೊಸೆಗೆ ಹೇಳಿದೆ: "ಹೌದವಾ, ಪಿನ್ನಿಂದs ಆಗಿದ್ದು. ನಿನ್ನ ಆಟದಾಗ ಪಿನ್ನs ಇಲ್ಲ. ಏರಿಗೆ ಹಿಂಗ ಮೂತಿ ಎತ್ತೂದಿಲ್ಲ, ತಪ್ಪೈತಿ."

ಅವಳು ನನ್ನ ಮಾತು ನಂಬಿದಳು. ಗಾಲಿ ಏಳುವುದನ್ನು ತೆಗೆದು, ಪಿನ್ನು ಎಲ್ಲೆಂದರಲ್ಲಿ ತಾನಾಗಿ ಕಳಚುವಂತೆ ಮಾಡಿ ಶಾಲೆಗೆ ಒಯ್ದಳು.

ಸಂಜೆ ಸಪ್ಪೆ ಮುಖ ಮಾಡಿಕೊಂಡು ಬಂದಳು. "ಯಾರೂ ಎರಡನೇ ಸಲ ಆಡ್ಲಿಲ್ರಿ ಮಾವಾರ. 'ಟೀಚರ್, ನಾವು ಏನೂ ತಪ್ಪ ಮಾಡಿಲ್ಲ, ಆದ್ರೂ ಬೀಳ್ತೈತಿ, ಇದು ಚೀಟಿಂಗ್ ಐತ್ರಿ' ಅಂದ್ರು. ನಾನು ಇನ್ನ ಆಟ ಮಾಡೂದಿಲ್ರಿ. ನನಗ ಬರೂದಿಲ್ಲ."

ಬರುವುದಿಲ್ಲ ಎಂದು ಅವಳು ತಲೆ ತಗ್ಗಿಸಿದ್ದಳು. ನನ್ನ ಸುಳ್ಳಿಗೆ ಒಬ್ಬನ ಕೈಯಿಂದ ಸ್ಟೇರಿಂಗ್ ಹೋಗಿತ್ತು. ಈಗ ಇವಳ ಕೈಯಿಂದ ಇದೂ ಹೋಗುತ್ತಿತ್ತು. ಇನ್ನು ಸುಮ್ಮನಿರಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

"ಹಳೇದನ್ನs ಹಾಕು ತಾಯಿ. ನಿನ್ನ ಆಟ ಖರೇ ಇತ್ತು. ಪಿನ್ನ ಸರಿ ಇತ್ತು, ಹೇರು ನಂದು, ಸೊಕ್ಕೂ ನಂದು," ಎಂದು ಎಲ್ಲ ಹೇಳಿದೆ.

ಅವಳು ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಇದನ್ನ ನನಗ್ಯಾಕ ಹೇಳ್ತೀರಿ ಮಾವಾರ? ಹೇಳಬೇಕಾದವರಿಗೆ ಹೇಳ್ರಿ," ಎಂದು ಲ್ಯಾಪ್‌ಟಾಪ್ ತೆರೆದು ಪಿನ್ನನ್ನು ತೆಗೆಯತೊಡಗಿದಳು.

ಈಗ ಮಕ್ಕಳು ಬಿಡುವಿನ ವೇಳೆಯಲ್ಲೂ ಅದನ್ನು ಆಡುತ್ತಾರಂತೆ. ಬೀಳುತ್ತಾರೆ, ಕಬ್ಬು ಇಳಿಸುತ್ತಾರೆ, ಒಂದು ಟ್ರೇಲರ್ ಕೆಳಗೆ ಬಿಟ್ಟು ಮತ್ತೆ ಏರುತ್ತಾರೆ. ನಾನೂ ನಿನ್ನೆ ಮೊದಲ ಸಲ ಹಾಗೆ ಬಿಟ್ಟು ಏರಿದೆ. ಸುಲಭವಾಗಿ ಏರಿತು.

ನಾಳೆ ಅಥಣಿ ಬಸ್ಸು ಹತ್ತುತ್ತೇನೆ. ಈ ಹಾಳೆಗಳನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಅವನು ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿದರೆ ಹೊರಗೆ ಕೂರುತ್ತೇನೆ. ಆ ದಿನ ಪಿನ್ನು ಹಾಕಿ, ಲಾಕು ಹಾಕಿ, ಎರಡೆರಡು ಸಲ ಎಳೆದು ನೋಡಿದವನು ನನ್ನ ಬೆನ್ನಿಗೆ ಬಿದ್ದ ಸ್ವಂತ ತಮ್ಮ.