ಎಮ್ಮೆ ಕುಡಿದ ಹಿಟ್ಟು

ನನ್ನ ಪಾಸ್‌ಪೋರ್ಟಿನ ಚೀಲವನ್ನು ಅವ್ವ ಬಚ್ಚಿಟ್ಟಿದ್ದಳು. ಕೇಳಿದರೆ, "ಇಲಿ ಒಯ್ದಿರಬೇಕು" ಎನ್ನುತ್ತಿದ್ದಳು. ಅಷ್ಟು ದೊಡ್ಡ ಚೀಲ ಒಯ್ಯಲು ಇಲಿ ಸಾಲದು, ದರೋಜಿಯ ಕರಡಿಯೇ ಬರಬೇಕು.

ಸುಡಾನಿನ ಒಂದು ನಿರಾಶ್ರಿತರ ಶಿಬಿರದಲ್ಲಿ ನಾನು ನರ್ಸ್. ಯುದ್ಧ, ಹಸಿವು, ಕಾಲರಾ, ಅದರ ಮೇಲೆ ನೆರೆ. ರಜೆಗೆಂದು ಕಂಪ್ಲಿಗೆ ಬಂದವಳನ್ನು ಮತ್ತೆ ಅಲ್ಲಿಗೆ ಕಳಿಸುವುದಿಲ್ಲವೆಂಬುದು ಅವ್ವನ ಹಟ. "ಹೊಸಪೇಟ್ಯಾಗ ಆಸ್ಪತ್ರಿ ಇಲ್ಲೇನು? ಸಂಡೂರಾಗ ಮಂದಿಗೆ ಜ್ವರ ಬರಂಗಿಲ್ಲೇನು?" ಎಂದು ಕೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಎದ್ದು ಹೋಗಿ ಮತ್ತೊಮ್ಮೆ ಟ್ರಂಕು ತಡಕುತ್ತಿದ್ದೆ.

ಅಷ್ಟರಲ್ಲಿ ಶಿಬಿರದ ಗೆಳತಿ ಬಂದಳು. ಸುಡಾನಿನವಳೇ, ಅಲ್ಲಿ ಹೆರಿಗೆ ಮಾಡಿಸುವವಳು. ತರಬೇತಿಗೆಂದು ಹೈದರಾಬಾದಿಗೆ ಬಂದಿದ್ದಳು. ಹಂಪಿ ನೋಡಿಕೊಂಡು ನನ್ನ ಜೊತೆಗೇ ವಾಪಸಾಗುವ ಯೋಚನೆ ಅವಳದು. ಅವ್ವ ಬಿಸಿ ರೊಟ್ಟಿ ಹಾಕಿದಳು. ಒಂದು ತುತ್ತಿಗೇ ಅವಳ ಕಣ್ಣು ಅರಳಿತು. ಅವರ ಊರಿನ ಊಟವೂ ಜೋಳವೇ! ನಾಳೆ ನನ್ನ ಅಡುಗೆ ಎಂದವಳೇ ಹಿಟ್ಟನ್ನು ನೀರಾಗಿ ಕಲಸಿ, ಮುಚ್ಚಿ, ಮೂಲೆಗಿಟ್ಟಳು. ಅದು ಹುಳಿ ಬಂದ ಮೇಲೆ ಹಂಚಿನ ಮೇಲೆ ತೆಳ್ಳಗೆ ಸವರಿ ಕಿಸ್ರಾ ಮಾಡುವುದು ಅವರ ಪದ್ಧತಿ. ಅವ್ವನಿಗೆ ಇದನ್ನು ಹೇಳಬೇಕೆಂದು ನಮಗಿಬ್ಬರಿಗೂ ತೋಚಲಿಲ್ಲ.

ಬೆಳಿಗ್ಗೆ ನೋಡಿದರೆ ಪಾತ್ರೆ ಖಾಲಿ.

"ಹಳಸಿ ನೊರಿ ಬಂದಿತ್ತವಾ, ಎಮ್ಮಿಗೆ ಹಾಕಿದೆ" ಎಂದಳು ಅವ್ವ.

ಗೆಳತಿ ಹಿತ್ತಲಿಗೆ ಓಡಿದಳು. ಮೂತಿ ನೆಕ್ಕುತ್ತಿದ್ದ ಎಮ್ಮೆಯನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಮಾತ್ರ ನಾಚಿ ನೀರಾದಳು. ಮನೆಗೆ ಬಂದವರ ಅಡುಗೆಯನ್ನು ದನಕ್ಕೆ ಹಾಕುವುದೆಂದರೇನು! "ಹಂಪಿ ಎಲ್ಲಿಗೂ ಓಡಿ ಹೋಗಂಗಿಲ್ಲ, ಇವತ್ತ ಬ್ಯಾಡ" ಎಂದು ತಾನೇ ಮತ್ತೆ ಹಿಟ್ಟು ಕಲಸಿದಳು. ಆ ಪಾತ್ರೆಗೆ ಎಷ್ಟು ಕಾವಲು ಕಾದಳೆಂದರೆ ನನ್ನನ್ನೂ ಹತ್ತಿರ ಬಿಡಲಿಲ್ಲ.

ಮರುದಿನ ಒಲೆಯ ಮುಂದೆ ಇಬ್ಬರದೂ ಒಂದೇ ಸಂಸಾರ. ಗೆಳತಿ ಸವರುವುದು, ಅವ್ವ ಎಬ್ಬಿಸುವುದು. ಪುಂಡಿಪಲ್ಯದ ಜೊತೆ ಕಿಸ್ರಾ ಎಷ್ಟು ಒಳಗೆ ಹೋಯಿತೋ ನನಗೇ ತಿಳಿಯಲಿಲ್ಲ.

"ನಿಮ್ಮವ್ವನೂ ಹಿಂಗ ಮಾಡ್ತಾಳೇನು, ಕೇಳು" ಎಂದಳು ಅವ್ವ. ಇಬ್ಬರ ನಡುವೆ ಮಾತು ದಾಟಿಸುವವಳು ನಾನೇ.

ಗೆಳತಿಯ ಅಮ್ಮ ಅದೇ ಶಿಬಿರದಲ್ಲಿದ್ದಾಳೆ. ಕಾಲರಾ ಬಂದು ಸಾವಿನ ಬಾಗಿಲು ತಟ್ಟಿ ಬಂದವಳು. "ನಿನ್ನ ಮಗಳೇ ಪಕ್ಕದಲ್ಲಿ ಕೂತು ಉಳಿಸಿಕೊಂಡಳು" ಎಂದಳು ಗೆಳತಿ. ನನ್ನ ಹೊಗಳಿಕೆಯನ್ನು ನಾನೇ ಕನ್ನಡದಲ್ಲಿ ಹೇಳಬೇಕು! "ಯಾರೋ ನರ್ಸ್ ನೋಡಿಕೊಂಡಳಂತ" ಎಂದು ತೇಲಿಸಿದೆ. ಗೆಳತಿ ಬಿಡಬೇಕಲ್ಲ, ನನ್ನತ್ತ ಬೆರಳು ತೋರಿಸಿದಳು.

ಅವ್ವ ಕೈ ತೊಳೆದುಕೊಂಡಳು. ಎದ್ದು ಹೋಗಿ ಜೋಳದ ಡ್ರಮ್ಮಿನೊಳಗೆ ತೋಳುದ್ದ ಕೈ ಹಾಕಿ ಚೀಲ ಎಳೆದಳು. ಜೋಳ ನೆಲದ ತುಂಬ ಚೆಲ್ಲಿತು.

"ಇಲಿ ಎಲ್ಲಿ ಇಟ್ಟಿತ್ತ ನೋಡು."

ಖುಷಿಗೆ ನನಗೆ ಅಳುವೇ ಬಂತು. ಅವ್ವ ನನ್ನ ಮುಖ ನೋಡದೆ ಚೀಲದ ಧೂಳು ಕೊಡವಿದಳು.

"ಆಕಿ ಅವ್ವಗ ಕಟಕ್ ರೊಟ್ಟಿ ಬಡೀತೀನಿ, ಒಯ್ಯಿ. ಇವು ಹಳಸಂಗಿಲ್ಲ, ಎಮ್ಮಿಗೆ ಹಾಕಬ್ಯಾಡ್ರಿ ಅಂತ ಹೇಳು."